ಫ್ರಿಜ್ಜಿನಲ್ಲಿ ಮಲಗಿದ ಗುಲಾಬಿ

ವೇದವತಿ ಹುಟ್ಟಿದ್ದು ಕರಾವಳಿಯ ಶಂಕರಪುರದಲ್ಲಿ, ಮಲ್ಲಿಗೆ ಬೆಳೆಯುವ ಮನೆಯಲ್ಲಿ. ಬೆಳಕು ಹರಿಯುವ ಮೊದಲೇ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ ಪಳಗಿದ ಕೈ. ಅಂಥವಳ ಕಡಲಾಚೆಯ, ಚಳಿಗಾಲವೇ ಇಲ್ಲದ ಮೆಲಾಕಾ ಪಟ್ಟಣದ ಮನೆಯಂಗಳದಲ್ಲಿ, ಚಟ್ಟಿಯಲ್ಲಿದ್ದ ಗೇಣುದ್ದದ ಗುಲಾಬಿಯೊಂದು ದಿನಕ್ಕಿಷ್ಟು ಎಲೆ ಉದುರಿಸುತ್ತಾ ಅವಳ ಮಾನ ಕಳೆಯುತ್ತಿತ್ತು.

ಗಿಡ ಕೊಟ್ಟವಳು ನಾದಿನಿ ಉಷಾ. ಅದೇ ದೇಶದ ಮಾಂಟ್ ಕಿಯಾರಾಕ್ಕೆ ಬರುವ ಮೊದಲು ಕೆನಡಾದಲ್ಲಿದ್ದವಳು. ಚಳಿಯ ವಿಷಯದಲ್ಲಿ ಅವಳದೇ ಕೊನೆಯ ಮಾತು. ಫೋನಿನಲ್ಲೇ ರೋಗ ಕಂಡುಹಿಡಿದಳು.

"ಅದಕ್ಕೆ ಚಳಿಗಾಲವೇ ಸಿಗ್ಲಿಲ್ಲ ಅತ್ತಿಗೆ. ಹೂ ಬಿಟ್ಟು ಬಿಟ್ಟು ಸುಸ್ತಾಗಿದೆ ಪಾಪ. ಸ್ವಲ್ಪ ದಿನ ಫ್ರಿಜ್ಜಲ್ಲಿಡಿ, ನಿದ್ದೆ ಮಾಡ್ಲಿ." ಆಮೇಲೆ ಸಣ್ಣದೊಂದು ನಗು. "ಮಲ್ಲಿಗೆ ಮನೆಯವ್ರಿಗೆ ಒಂದು ಗುಲಾಬಿ ಭಾರವಾಯ್ತಾ?"

ಆ ನಗು ಚುಚ್ಚಿತು. ಇದನ್ನು ಬದುಕಿಸಿಯೇ ತೋರಿಸುತ್ತೇನೆ ಅಂದುಕೊಂಡಳು ವೇದವತಿ. ಅಷ್ಟರಲ್ಲಿ ಉಷಾಳ ಊರಿನ ಹತ್ತಿರದ ಪೆಟಾಲಿಂಗ್ ಜಯಾದಲ್ಲಿದ್ದ ತಂಗಿಗೆ ಹೆರಿಗೆಯಾಗಿ, ಬಾಣಂತನಕ್ಕೆ ಓಡಬೇಕಾಯಿತು. ಕಾರು ಹತ್ತುತ್ತಾ ಗಂಡನಿಗೆ ಹೇಳಿದಳು: "ಆ ಗುಲಾಬಿಯನ್ನು ಫ್ರಿಜ್ಜಲ್ಲಿ ಮಲಗಿಸಿ ಮಾರಾಯ್ರೆ, ಮರೀಬೇಡಿ."

ಗಂಡ ಯಜ್ಞನಾರಾಯಣರು ಮೆಡಿಕಲ್ ಕಾಲೇಜಿನ ಮೇಷ್ಟ್ರು. ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡುವವರು.

ಕೆಲವು ವಾರ ಕಳೆದು ವೇದವತಿಯನ್ನು ಮನೆಗೆ ಬಿಡಲು ಬಂದವಳು ಉಷಾನೇ. ಚಪ್ಪಲಿ ಕಳಚಿದವಳು ನೇರ ಅಡುಗೆಮನೆಗೆ ಹೋಗಿ ಫ್ರಿಜ್ಜಿನ ಬಾಗಿಲು ತೆಗೆದಳು.

"ಅಣ್ಣಾ, ಇದೆಂತದು?"

ಒಳಗಿದ್ದ ಸಾಮಾನನ್ನೆಲ್ಲ ತೆರವು ಮಾಡಿ, ಚಟ್ಟಿಯನ್ನು ಅಡ್ಡಕ್ಕೆ ಉರುಳಿಸಿ ಮಲಗಿಸಲಾಗಿತ್ತು. ಮೈಮೇಲೆ ಸ್ನಾನದ ಮೈಯೊರೆಸುವ ಬೈರಾಸು. ತಲೆಯಡಿಗೆ ಮಡಚಿದ ಇನ್ನೊಂದು ಬೈರಾಸು. ಗಿಡದಲ್ಲಿ ಎಲೆ ಅನ್ನುವುದೇ ಇಲ್ಲ, ಬರೀ ಕಡ್ಡಿ.

"ಇವಳೇ ಮಲಗಿಸಿ ಅಂದದ್ದು," ಅಂದರು ಯಜ್ಞನಾರಾಯಣರು. "ಚಳಿಯಾದೀತು ಅಂತ ಹೊದೆಸಿದೆ."

"ನಿದ್ದೆ ಮಾಡ್ಲಿ ಅಂತ ಅಲ್ವಾ ಹೇಳಿದ್ದು!" ವೇದವತಿ ಹಣೆ ಹಣೆ ಬಡಿದುಕೊಂಡಳು.

"ನಿಂತುಕೊಂಡು ಯಾರು ನಿದ್ದೆ ಮಾಡ್ತಾರೆ ಮಾರಾಯ್ತಿ?"

ಉಷಾ ಫ್ರಿಜ್ಜಿಗೆ ಒರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಕೆನಡಾದಲ್ಲಿ ನಾವೂ ಗುಂಡಿ ತೋಡಿ ಗುಲಾಬಿಯನ್ನು ಅಡ್ಡ ಮಲಗಿಸಿ ಮಣ್ಣು ಮುಚ್ತಿದ್ವಿ ಅಣ್ಣ. ದಿಂಬು ಮಾತ್ರ ಕೊಡ್ತಿರ್ಲಿಲ್ಲ." ಕಣ್ಣೊರೆಸಿಕೊಂಡು ಕಡ್ಡಿ ಮುಟ್ಟಿ ನೋಡಿದಳು. "ಆದ್ರೆ ಇದು ಹೋಯ್ತು ಅತ್ತಿಗೆ. ಬಿಸಾಡಿಬಿಡಿ. ಬೇರೆ ತಂದುಕೊಡ್ತೇನೆ."

ವೇದವತಿ ಚಟ್ಟಿಯನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಬುಡದ ಹತ್ತಿರದ ಕಡ್ಡಿಯನ್ನು ಹೆಬ್ಬೆರಳ ಉಗುರಿನಿಂದ ಮೆಲ್ಲಗೆ ಕೆರೆದಳು. ಕಂದು ಸಿಪ್ಪೆ ಎದ್ದಲ್ಲಿ ಎಳೆ ಸೌತೆಕಾಯಿಯ ಹಸಿರು.

"ಕನ್ನಡಕ ಹಾಕ್ಕೊಂಡು ನೋಡು," ಅಂದಳು.

ಉಷಾ ಬಗ್ಗಿ ನೋಡಿದಳು. ಇನ್ನೊಂದು ಕಡ್ಡಿಯನ್ನು ತಾನೇ ಕೆರೆದಳು. ಅದೂ ಹಸಿರು. ಗೆಣ್ಣಿನಲ್ಲಿ ಸಾಸಿವೆಯಷ್ಟು ಚಿಗುರಿನ ಕೆಂಪು ಕಣ್ಣೊಂದು ಉಬ್ಬಿಕೊಂಡಿತ್ತು.

"ಸರಿ, ಸೋತೆ," ಅಂದಳು ಕೊನೆಗೆ. "ಚಾ ಆದ್ರೂ ಮಾಡ್ತೇನೆ. ಹಾಲೆಲ್ಲಿ?"

ಯಜ್ಞನಾರಾಯಣರು ಗೋಡೆಯ ಕಡೆ ಕೈ ತೋರಿಸಿದರು. ಗುಲಾಬಿಗೆ ಜಾಗ ಬೇಕಲ್ಲ. ಹಾಲು, ಮೊಸರು, ದೋಸೆಹಿಟ್ಟು ಎಲ್ಲವೂ ಪಕ್ಕದ ಮನೆಯ ತಮಿಳು ಪೊನ್ನಮ್ಮನ ಫ್ರಿಜ್ಜಿಗೆ ಬಿಡಾರ ಬದಲಾಯಿಸಿದ್ದವು.

ವೇದವತಿ ಸ್ಟೀಲಿನ ಚೆಂಬನ್ನು ನಾದಿನಿಯ ಕೈಗಿಟ್ಟಳು. "ತಮಿಳಲ್ಲಿ ಕೇಳ್ಬೇಕು. 'ಪಾಲ್' ಅಂದ್ರೆ ಸಾಕು. ಬರುವಾಗ ಹಿಟ್ಟೂ ಹೊತ್ತು ತಾ."