ಇಸ್ತ್ರಿಪೆಟ್ಟಿಗೆಯೂ ಜೀರುಂಡೆಗಳೂ

ಆ ವರ್ಕ್‌ಶಾಪಿನಲ್ಲಿ ಇಬ್ಬರು ಮುಖ ಊದಿಸಿಕೊಂಡು ಕೂತರೆ ಮೂರನೆಯವಳಿಗೆ ಕೆಲಸ ಹೆಚ್ಚಾಗುತ್ತಿತ್ತು. ಮೂರನೆಯವಳು ಪಿಸು. ಹುಟ್ಟಿದಾಗ ಇಟ್ಟ ಹೆಸರು ಬೇರೆ. ಆದರೆ ಏನು ಕೇಳಿದರೂ ಪಕ್ಕದಲ್ಲಿ ಕೂತವರಿಗಷ್ಟೇ ಕೇಳುವ ಹಾಗೆ ಉತ್ತರ ಕೊಡುತ್ತಿದ್ದಳಾದ್ದರಿಂದ, ಸೋದರಮಾವ ಕರೆದ ಈ ಹೆಸರೇ ಗಟ್ಟಿಯಾಗಿ ಅಂಟಿಕೊಂಡಿತ್ತು. ಡಿಗ್ರಿ ಮುಗಿಸಿದ ಮೇಲೆ ಅವಳು ಅಮ್ಮ ಮತ್ತು ಮಾವನ ವರ್ಕ್‌ಶಾಪಿಗೇ ಬಂದು ಸೇರಿದ್ದಳು. ಹೊರಗೆ ಎಲ್ಲಾದರೂ ಸೇರಿದ್ದರೆ ಗಟ್ಟಿಯಾಗಿ ಮಾತಾಡಬೇಕಾಗುತ್ತಿತ್ತಲ್ಲ.

"ಪಿಸು, ನಿನ್ನ ಅಮ್ಮನಿಗೆ ಹೇಳು, ಅವಳ ಜಿರಳೆ ಒಂದು ನನ್ನ ಶೂ ಒಳಗೆ ಹೋಗಿ ಕೂತಿದೆ."

"ಪಿಸು, ನಿನ್ನ ಮಾವನಿಗೆ ಹೇಳು, ಅದು ಜಿರಳೆ ಅಲ್ಲ, ಜೀರುಂಡೆ. ಶೂ ಇಡೋ ಜಾಗದಲ್ಲಿ ಇಟ್ಟಿದ್ರೆ ಅದು ಯಾಕೆ ಹೋಗ್ತಿತ್ತು ಅಂತ ಕೇಳು."

ಅಣ್ಣ ತಂಗಿಯ ಮೇಜುಗಳ ನಡುವೆ ಒಂದು ಕುರ್ಚಿ ಹಿಡಿಯುವಷ್ಟೇ ಜಾಗ. ಆ ಕುರ್ಚಿಯಲ್ಲಿ ಪಿಸು ಕೂತಿರುತ್ತಿದ್ದಳು. ಮಾತು ಅವಳನ್ನು ದಾಟಿಕೊಂಡೇ ಹೋಗುತ್ತಿತ್ತು. ಅವಳು ಬಾಯಿ ತೆರೆಯಬೇಕಾದ ಅಗತ್ಯವೂ ಇರಲಿಲ್ಲ.

ಮಾವ ಕಂಡುಹಿಡಿದದ್ದು ಕೈಯಲ್ಲಿ ಹಿಡಿದು ಎಳೆಯುವ ಸ್ಕ್ಯಾನರ್. ಅಂಗೈಯಗಲದ ತಳ, ಮೇಲೊಂದು ಹಿಡಿಕೆ. ಗೋಡೆಯೋ ಬಾಗಿಲೋ, ಯಾವುದರ ಮೇಲೆ ಸವರಿಕೊಂಡು ಹೋದರೂ ಕೆಳಗಿದ್ದದ್ದನ್ನು ತುಣುಕು ತುಣುಕಾಗಿ ನುಂಗಿ, ಆಮೇಲೆ ಒಂದಕ್ಕೊಂದು ಹೊಲಿದು ಇಡೀ ಚಿತ್ರ ಮಾಡಿಕೊಡುತ್ತಿತ್ತು. ಹೊಲಿಯಬೇಕಾದರೆ ಯಾವ ತುಣುಕು ಎಲ್ಲಿಯದೆಂದು ಗೊತ್ತಿರಬೇಕು. ಅದಕ್ಕಾಗಿ ಕೈ ಓಡಾಡಿದ ದಾರಿಯನ್ನೂ ಅದು ನೆನಪಿಟ್ಟುಕೊಳ್ಳುತ್ತಿತ್ತು. ಹೀಗೆ ಪ್ರತಿ ಸಲವೂ ಎರಡು ಫೈಲು: ಒಂದು ಚಿತ್ರ, ಇನ್ನೊಂದು ಜಾಡು. ಅಮ್ಮ ಆ ಯಂತ್ರವನ್ನು ಇಸ್ತ್ರಿಪೆಟ್ಟಿಗೆ ಎಂದೇ ಕರೆಯುತ್ತಿದ್ದಳು.

ಅಮ್ಮನ ಜೀರುಂಡೆಗಳು ಅರ್ಧ ಹೋಳು ನಿಂಬೆಹಣ್ಣಿನಷ್ಟು ದೊಡ್ಡ ರೋಬೋಗಳು. ಹೊಟ್ಟೆಯಡಿ ಚಕ್ರ, ಬೆನ್ನ ಮೇಲೆ ಬೇಕಾದ ಬಣ್ಣಕ್ಕೆ ತಿರುಗುವ ದೀಪ. ಒಂದನ್ನೇ ನೋಡಿದರೆ ಆಟಿಕೆ. ಕಪ್ಪು ನೆಲಹಾಸಿನ ಮೇಲೆ ಹಿಂಡಾಗಿ ಬಿಟ್ಟರೆ, ಒಂದಕ್ಕೊಂದು ದಾರಿ ಬಿಟ್ಟುಕೊಡುತ್ತಾ, ಮೈಗೆ ಮೈ ತಗುಲಿಸದೆ ಓಡಾಡಿ, ತಂತಮ್ಮ ಜಾಗದಲ್ಲಿ ನಿಂತು ಬಣ್ಣ ಹೊತ್ತಿಸಿಕೊಳ್ಳುತ್ತಿದ್ದವು. ಮಾವನ ಯಂತ್ರ ನುಂಗಿದ ಚಿತ್ರ ನೆಲದ ಮೇಲೆ ಎದ್ದು ಬರುತ್ತಿತ್ತು. ಒಬ್ಬರಿಲ್ಲದೆ ಇನ್ನೊಬ್ಬರ ಕೆಲಸ ಅರ್ಧ. ಅದು ಇಬ್ಬರಿಗೂ ಗೊತ್ತಿತ್ತು. ಬಾಯಿಬಿಟ್ಟು ಹೇಳುವುದಕ್ಕೆ ಮಾತ್ರ ತಲೆ ಮೇಲೆ ತಲೆ ಬಿದ್ದರೂ ಇಬ್ಬರೂ ತಯಾರಿರಲಿಲ್ಲ.

ಈ ಸಲದ ಮುನಿಸಿಗೆ ಕಾರಣವಿತ್ತು. ಮಾವನ ಬಲಗೈ ನಡುಗತೊಡಗಿತ್ತು. ಮೊದಮೊದಲು ಚಹದ ಲೋಟ ತಟ್ಟೆಗೆ ತಗುಲಿ ಟಿಣಿಟಿಣಿ ಎನ್ನುತ್ತಿತ್ತು. ಮಾವ ತಟ್ಟೆಯನ್ನೇ ಬಿಟ್ಟುಬಿಟ್ಟ. ಆಮೇಲೆ ಸ್ಕ್ರೂ ಕೂರಿಸುವಾಗ ಗೊಣಗಾಟ ಹೆಚ್ಚಾಯಿತು. ಜೀವಕ್ಕೇನೂ ಅಪಾಯವಿಲ್ಲ, ಆದರೆ ನಡುಕ ಹೋಗುವಂಥದ್ದಲ್ಲ ಎಂದರು ಡಾಕ್ಟರು. ಅಮ್ಮ ಅಣ್ಣನ ಮೇಲಿನ ಅಕ್ಕರೆಯಿಂದಲೇ ಹೇಳಿದಳು. ಬಾಯಿಂದ ಹೊರಬಿದ್ದದ್ದು ಮಾತ್ರ ಆಜ್ಞೆಯ ಹಾಗಿತ್ತು: "ಇನ್ಮೇಲೆ ಸ್ಕ್ಯಾನ್ ಮಾಡೋದು ಪಿಸು."

ಅಂದಿನಿಂದ ಮಾವ ತಂಗಿಯ ಜೊತೆ ನೇರ ಮಾತು ಬಿಟ್ಟ.

ಅದೇ ಹೊತ್ತಿಗೆ ಅಣ್ಣ ತಂಗಿ ಇಬ್ಬರೂ ಓದಿದ ಶಾಲೆಯಿಂದ ಹೆಡ್‌ಮಿಸ್ ಬಂದರು. ಹಳೆಯ ಕಟ್ಟಡ ಕೆಡವುತ್ತಾರಂತೆ. ಅಲ್ಲಿಯ ಉದ್ದನೆ ಗೋಡೆಯ ಮೇಲೆ ಎಷ್ಟೋ ವರ್ಷದ ಮಕ್ಕಳು ಬಿಡಿಸಿದ ಪ್ರಾಣಿಗಳ ಚಿತ್ರವಿದೆ. ಗೋಡೆ ಬೀಳುವ ಮೊದಲು ಅದನ್ನು ಹಿಡಿದಿಟ್ಟುಕೊಂಡು, ಹಳೆಯ ವಿದ್ಯಾರ್ಥಿಗಳಿಗೆಲ್ಲ ನೆಲದ ಮೇಲೆ ಕುಣಿಸಿ ತೋರಿಸಬಹುದೇ?

"ಆ ಗೋಡೆಗೆ ನನ್ನ ಕೈಯೇ," ಎಂದ ಮಾವ, ಪಿಸುವಿನ ತಲೆಯ ಮೇಲಿಂದ. "ನಿನ್ನ ಅಮ್ಮನಿಗೆ ಹೇಳು. ಚಿತ್ರ ಕೆಟ್ಟರೆ ಅವತ್ತೇ ಸ್ಕ್ಯಾನರ್ ಪೆಟ್ಟಿಗೆಗೆ ಹಾಕಿ ಮನೆಗೆ ಹೋಗ್ತೀನಿ. ಮತ್ತೆ ಈ ಕಡೆ ತಲೆ ಹಾಕಿ ಮಲಗಲ್ಲ."

ಅಮ್ಮ ಬೆಸುಗೆ ಹಾಕುತ್ತಿದ್ದ ತಂತಿಯಿಂದ ಕಣ್ಣೆತ್ತಲಿಲ್ಲ. ಆದರೆ ಬೆಸುಗೆ ತಪ್ಪು ಜಾಗಕ್ಕೆ ಬಿದ್ದದ್ದನ್ನು ಪಿಸು ನೋಡಿದಳು. ಮಾವ ಆಡಿದ ಮಾತಿಗೆ ತಪ್ಪುವವನಲ್ಲ. ಮಾವನ ಮೇಜು ಖಾಲಿಯಾದ ಆ ಕೋಣೆಯನ್ನು ನೆನೆಸಿಕೊಂಡೇ ಅವಳು ಆ ಕಡೆಯಿಂದ ಮುಖ ತಿರುಗಿಸಿದಳು.

ಸ್ಕ್ಯಾನ್ ಮಾಡುವ ದಿನ ಮಾವ ಏಣಿಯ ಮೇಲೆ, ಪಿಸು ಏಣಿಯ ಕೆಳಗೆ. ನೀಲಿ ಆನೆ, ಕನ್ನಡಕದ ಮೊಸಳೆ, ಮೀಸೆ ಇದ್ದ ಮೀನು. ಮಾವನ ಕೈ ಅದುರುತ್ತಲೇ ಒಂದೊಂದನ್ನೂ ಸವರಿಕೊಂಡು ಹೋಯಿತು. ಕಿಟಕಿಯ ಪಕ್ಕ, ಮಕ್ಕಳ ಕೈ ಎಟುಕದಷ್ಟು ಎತ್ತರದಲ್ಲಿ ಒಂದು ಮಾಸಿದ ಹಸಿರು ಕುದುರೆ. ಅದರ ಮೇಲೆ ಮಾವ ಹೋದ, ಬಂದ, ಮತ್ತೆ ಹೋದ.

"ಕೈ ನೋಯ್ತಿದೆಯಾ ಮಾವ?"

"ಸುಣ್ಣ ಉದುರಿದೆ ಇಲ್ಲಿ. ಸುಮ್ಮನೆ ಏಣಿ ಹಿಡ್ಕೋ."

ಮರುದಿನ ಮಾವ ಡಾಕ್ಟರ ಬಳಿ ಹೋಗಿದ್ದಾಗ ಅಮ್ಮ ಪಿಸುವಿನ ಕೈಗೆ ಸ್ಕ್ಯಾನರ್ ತುರುಕಿದಳು. "ನೀನೂ ಒಂದ್ಸಲ ಮಾಡ್ಕೊಂಡು ಬಾ. ಪ್ರದರ್ಶನದ ದಿನ ನಿನ್ನದನ್ನೇ ಹಾಕೋಣ. ಚಿತ್ರ ಚೆನ್ನಾಗಿ ಬಂದ್ರೆ ಅವನು ಉಳಿದುಕೊಳ್ತಾನೆ. ಯಾರದ್ದು ಅಂತ ಅವನಿಗೆ ಗೊತ್ತಾಗೋದು ಬೇಡ."

ಪಿಸು ಮಾಡಿಕೊಂಡು ಬಂದಳು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದವಳು ಕಣ್ಣುಜ್ಜಿಕೊಂಡಳು. ಅವಳ ಜಾಡು ಗೆರೆ ಎಳೆದ ಹಾಗೆ ನೆಟ್ಟಗಿತ್ತು. ಚಿತ್ರ ಮಾತ್ರ ಸಪ್ಪೆ. ಮಾಸಿದ ಬಣ್ಣಗಳು ಗೋಡೆಯೊಳಗೇ ಉಳಿದುಬಿಟ್ಟಿದ್ದವು. ಮಾವನ ಕೈ ನಡುಗುತ್ತಾ ಒಂದೊಂದು ಚುಕ್ಕಿಯನ್ನೂ ಅತ್ತ ಒಂಚೂರು, ಇತ್ತ ಒಂಚೂರು ಸರಿದು ಹಲವು ಸಲ ನೋಡಿಬಿಟ್ಟಿತ್ತು. ಅಷ್ಟನ್ನೂ ಒಟ್ಟು ಮಾಡಿ ಹೊಲಿದಾಗ, ಬರಿಗಣ್ಣಿಗೆ ಕಾಣದಂತೆ ಅಳಿಸಿಹೋಗಿದ್ದ ಬಣ್ಣವೂ ಎದ್ದು ಬಂದಿತ್ತು. ಬ್ರಷ್ಷಿನ ಕೂದಲು ಎಳೆದ ಗೀರುಗಳೂ ಕಾಣುತ್ತಿದ್ದವು.

"ಅಮ್ಮಾ, ಮಾವನದ್ದೇ..."

"ಆಮೇಲೆ ಹೇಳೇ, ಬೆಸುಗೆ ಆರಿಹೋಗುತ್ತೆ."

ಆಮೇಲೆ ಎನ್ನುವುದು ಬರಲೇ ಇಲ್ಲ. ಪಿಸುವಿನ ಮಾತು ಒಂದು ಸಲ ಗಂಟಲೊಳಗೆ ಇಳಿದರೆ ಮತ್ತೆ ಮೇಲೆ ಬರಲು ಬಹಳ ಗೋಗರೆಸಿಕೊಳ್ಳುತ್ತಿತ್ತು.

ಪ್ರದರ್ಶನದ ಮಧ್ಯಾಹ್ನ ಶಾಲೆಯ ಸಭಾಂಗಣ ಕಿಕ್ಕಿರಿದಿತ್ತು. ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಶೂಗಳನ್ನು ಬಾಗಿಲ ಬಳಿ ಬಿಚ್ಚಿಟ್ಟು, ಸ್ಕ್ಯಾನರಿನ ಖಾಲಿ ಪೆಟ್ಟಿಗೆಯನ್ನು ಕಂಕುಳಲ್ಲಿ ಅವುಚಿಕೊಂಡು ಬಂದಿದ್ದ. ಆ ಪೆಟ್ಟಿಗೆ ನೋಡಿ ಅಮ್ಮನ ಮುಖ ಸಣ್ಣದಾಯಿತು. ಪಿಸುವಿನ ಕಿವಿಗೆ ಬಾಗಿ ಹೇಳಿದಳು: "ನಿನ್ನದನ್ನೇ ಹಾಕು. ಮರೀಬೇಡ."

ಪಿಸು ತಲೆಯಾಡಿಸಿದಳು. ಆದರೆ ಕಂಪ್ಯೂಟರಿನ ಮುಂದೆ ಕೂತಾಗ ಬೆರಳು ಮಾವನ ಫೋಲ್ಡರಿಗೇ ಹೋಯಿತು. ಒಳ್ಳೆಯ ಚಿತ್ರ ಅದೇ. ಅಮ್ಮನ ಮಾತು ಮೀರಿದ್ದು ಜನ್ಮದಲ್ಲಿ ಅದೇ ಮೊದಲು. ಅಷ್ಟರಲ್ಲಿ ಪರದೆ ಎಳೆದು ಕತ್ತಲು ಮಾಡಿದರು, ಹೆಡ್‌ಮಿಸ್ ಚಪ್ಪಾಳೆ ತಟ್ಟಿದರು. ಗಾಬರಿಯಲ್ಲಿ ಪಿಸು ಎರಡು ಫೈಲುಗಳಲ್ಲಿ ಒಂದನ್ನು ಒತ್ತಿಬಿಟ್ಟಳು.

ಜೀರುಂಡೆಗಳು ಹೊರಟವು. ಎಲ್ಲವೂ ಬಿಳಿ! ಆನೆಯೂ ಇಲ್ಲ, ಮೊಸಳೆಯೂ ಇಲ್ಲ. ಇರುವೆಸಾಲಿನ ಹಾಗೆ ಒಂದರ ಹಿಂದೊಂದು, ಅಂಕುಡೊಂಕಾಗಿ, ಅದುರಿದ ಹಾಗೆ, ಕಪ್ಪು ನೆಲದ ತುಂಬ ಹಬ್ಬಿದ ಒಂದೇ ಒಂದು ನಡುಗುವ ಗೆರೆ.

ಜನ ಇದೂ ಕಾರ್ಯಕ್ರಮವೆಂದುಕೊಂಡು ಚಪ್ಪಾಳೆ ತಟ್ಟಿದರು. ಅಮ್ಮನಿಗೆ ಮಾತ್ರ ಒಂದೇ ನೋಟಕ್ಕೆ ಗೊತ್ತಾಯಿತು.

"ಇದು ಅಣ್ಣನ ಜಾಡು! ಅಯ್ಯೋ, ನಿನ್ನದನ್ನು ಹಾಕು ಅಂತ ಅಷ್ಟು ಬಡ್ಕೊಂಡೆನಲ್ಲೇ!"

ಚಪ್ಪಾಳೆ ನಿಂತ ಗಳಿಗೆಗೆ ಸರಿಯಾಗಿ ಬಿತ್ತು ಆ ಮಾತು. ಮಾವ ತಿರುಗಿದ.

"ನಿನ್ನದು ಅಂದ್ರೆ? ಪಿಸು ಕೈಲೂ ಮಾಡ್ಸಿದ್ಯಾ?" ನೇರವಾಗಿ ತಂಗಿಯನ್ನೇ ಕೇಳಿದ. ಕಂಪ್ಯೂಟರಿನ ಪಕ್ಕ ಇಟ್ಟಿದ್ದ ಸ್ಕ್ಯಾನರನ್ನು ಎತ್ತಿ ಪೆಟ್ಟಿಗೆಯೊಳಗಿಟ್ಟ. ಕೈ ನಡುಗಿ ಕೊಂಡಿ ಎರಡು ಸಲ ತಪ್ಪಿತು. "ಸರಿ. ಊರಿಗೆಲ್ಲ ತೋರಿಸಿದ್ದೂ ಆಯ್ತು, ನನ್ನ ಕೈ ಹೇಗಿದೆ ಅಂತ."

"ಅಣ್ಣಾ, ನಿಂತ್ಕೋ." ಅಮ್ಮ ನೆಲವನ್ನೇ ನೋಡುತ್ತಿದ್ದಳು. ಎಲ್ಲ ಕಡೆ ಒಂಟಿಸಾಲಾಗಿದ್ದ ಜೀರುಂಡೆಗಳು ಮೇಲಿನ ಮೂಲೆಯ ಒಂದು ಕಡೆ ಮಾತ್ರ ಸಿಕ್ಕುಬಿದ್ದ ದಾರದ ಹಾಗೆ ಗುಂಪುಗಟ್ಟಿದ್ದವು. "ಕಿಟಕಿ ಪಕ್ಕದ ಜಾಗ ಅಲ್ವಾ ಅದು? ಅಲ್ಲಿ ಯಾಕೆ ಅಷ್ಟು ಸಲ ತಿರುಗಿದ್ದೀಯ?"

"ಸುಣ್ಣ ಉದುರಿತ್ತು."

"ಸುಳ್ಳು."

ಮಾವ ಪೆಟ್ಟಿಗೆಯನ್ನು ಕೆಳಗಿಟ್ಟ. "ಎಲ್ಲರಿಗಿಂತ ಮೇಲೆ ಬರೀಬೇಕು ಅಂತ ಹಟ ಹಿಡಿದು ನನ್ನ ಹೆಗಲ ಮೇಲೆ ಹತ್ತಿದೋಳು ನೀನು. ಬಣ್ಣ ಎಲ್ಲ ನನ್ನ ತಲೆ ಮೇಲೆ ಸುರಿದಿತ್ತು. ನಾಳೆ ಗೋಡೆ ಕೆಡವ್ತಾರೆ. ಆ ಐದು ಕಾಲಿನ ಕುದುರೆ ಬಿಟ್ಟು ಮುಂದೆ ಹೋಗೋಕೆ ಕೈ ಬರಲಿಲ್ಲ, ಅಷ್ಟೇ."

"ಐದನೇದು ಕಾಲಲ್ಲ, ಬಾಲ!"

ಸಭಾಂಗಣ ಗೊಳ್ಳೆಂದಿತು. ಅಮ್ಮ ನಗುತ್ತಾ ಸೆರಗಿನಿಂದ ಮೂಗೊರೆಸಿಕೊಂಡಳು. ಮಾವನ ಮೀಸೆಯಡಿಯೂ ಏನೋ ಅಲುಗಾಡಿತು. ಆದರೂ ಅವನು ಪೆಟ್ಟಿಗೆಯನ್ನು ಮತ್ತೆ ಕಂಕುಳಿಗೇರಿಸಿದ. "ಕುದುರೆ ವಿಷಯ ಬೇರೆ, ಕೆಲಸದ ವಿಷಯ ಬೇರೆ ಕಣೇ. ಕರುಣೆಗೆ ಅಂತ ಮೇಜು ಇಟ್ಕೊಳ್ಳೋಕೆ ನನ್ನಿಂದ ಆಗಲ್ಲ. ಬರ್ತೀನಿ."

ಅವನು ಬಾಗಿಲ ಕಡೆ ಹೆಜ್ಜೆ ಹಾಕಿದ. ಪಿಸು ಕೂತಲ್ಲಿಂದ ಎದ್ದು ನಿಂತಳು.

"ಮಾವಾ!"

ಅದು ಯಾರ ದನಿಯೆಂದು ಅಮ್ಮನೇ ಸುತ್ತ ನೋಡಿದಳು.

"ಹೋಗಬೇಡ! ನಿನ್ನ ಚಿತ್ರ ಕೆಟ್ಟಿಲ್ಲ. ಅದನ್ನೇ ಹಾಕೋಕೆ ಹೋಗಿ ತಪ್ಪು ಫೈಲ್ ಒತ್ತಿದೆ. ಇಲ್ನೋಡು, ಇದು ನನ್ನದು."

ಜೀರುಂಡೆಗಳು ಚದುರಿ ಮತ್ತೆ ನಿಂತವು. ಪೇಲವ ಆನೆ, ಅರ್ಧ ಮೊಸಳೆ. ಕಿಟಕಿ ಪಕ್ಕ ಹಸಿರು ಕಲೆಯೊಂದು, ಕಾಲೂ ಇಲ್ಲ ಬಾಲವೂ ಇಲ್ಲ.

"ಇದು ನಿನ್ನದು."

ಮತ್ತೆ ಓಡಾಟ, ಚಕ್ರಗಳ ಸರಸರ. ಆನೆ ಕಡುನೀಲಿಯಾಯಿತು, ಮೊಸಳೆಗೆ ಕನ್ನಡಕ ಬಂತು, ಮೀನಿಗೆ ಮೀಸೆ ಮೊಳೆಯಿತು. ಮೇಲಿನ ಮೂಲೆಯಲ್ಲಿ ಎಳೆಹುಲ್ಲಿನ ಬಣ್ಣದ ಕುದುರೆ ಐದೂ ಕಾಲೂರಿ ಎದ್ದು ನಿಂತಿತು. ಮುಂದಿನ ಸಾಲಿನಲ್ಲಿ ಯಾರೋ ಮುದುಕರು "ನನ್ನ ಮೊಸಳೆ, ನನ್ನ ಮೊಸಳೆ" ಎಂದು ಪಕ್ಕದವರನ್ನು ತಿವಿಯತೊಡಗಿದರು.

"ನಿನ್ನ ಕೈ ನಡುಗಿದ್ದಕ್ಕೇ ಹೀಗೆ ಬಂದಿದ್ದು," ಪಿಸು ಒಂದೇ ಉಸಿರಿಗೆ ಹೇಳಿದಳು. "ಒಂದೇ ಜಾಗಾನ ಸ್ವಲ್ಪ ಸ್ವಲ್ಪ ಸರಿದು ಹತ್ತಾರು ಸಲ ನೋಡಿದೆ ಅದು. ನನ್ನ ಕೈ ನೆಟ್ಟಗೆ ಹೋಗಿ ಏನನ್ನೂ ನೋಡಲೇ ಇಲ್ಲ."

ಇಷ್ಟು ಉದ್ದದ ಮಾತು ತನ್ನಿಂದಲೇ ಬಂತೆಂದು ಗೊತ್ತಾದದ್ದೇ ತಡ, ಅವಳು ಕಂಪ್ಯೂಟರಿನ ಹಿಂದೆ ತಲೆ ತಗ್ಗಿಸಿದಳು.

ಮಾವ ನೆಲಹಾಸಿನ ಅಂಚಿಗೆ ಬಂದು ಕುಕ್ಕರಗಾಲಲ್ಲಿ ಕೂತ. ಕುದುರೆಯನ್ನು ನೋಡಿದ, ತನ್ನ ಬಲಗೈ ನೋಡಿದ, ಮತ್ತೆ ಕುದುರೆಯನ್ನು ನೋಡಿದ.

"ಪಿಸು, ನಿನ್ನ ಮಾವನಿಗೆ ಹೇಳು..." ಎಂದು ಶುರು ಮಾಡಿದ ಅಮ್ಮ ನಿಲ್ಲಿಸಿದಳು. ಹೋಗಿ ಅಣ್ಣನ ಪಕ್ಕ ಕೂತು ಅವನ ಕಂಕುಳಿನಿಂದ ಪೆಟ್ಟಿಗೆ ಕಿತ್ತುಕೊಂಡಳು. "ನಾಳೆ ಬೇಗ ಬಾ. ನಿನ್ನ ಕೈ ಹಾಗೇ ಅದುರೋ ಸಣ್ಣ ಮೋಟಾರು ಇದರೊಳಗೆ ಕೂರಿಸಬೇಕು. ಅಳತೆಗೆ ನಿನ್ನ ಕೈ ಬೇಕು."

"ಪೇಟೆಂಟು ಯಾರ ಹೆಸರಲ್ಲಿ?"

"ಕುದುರೆ ಹೆಸರಲ್ಲಿ."

"ಹಂಗಾದ್ರೆ ಐದು ಕಾಲು ಅಂತ ಬರೀಬೇಕು."

"ಬಾಲ ಅಂದೆನಲ್ಲ!"

ಜನರೆಲ್ಲ ಹೋದ ಮೇಲೆ ಮಾವ ಬಾಗಿಲ ಬಳಿ ಶೂ ಒಳಗೆ ಕಾಲು ತೂರಿಸಿ, ಸಟ್ಟನೆ ಹೊರಗೆಳೆದ. ಶೂ ಕೊಡವಿದರೆ ಹಸಿರು ದೀಪ ಮಿನುಗಿಸುತ್ತಾ ಒಂದು ಜೀರುಂಡೆ ಉರುಳಿತು.

"ತಗೋ, ನಿನ್ನ ಜಿರಳೆ," ಎಂದ ತಂಗಿಗೆ.

"ಜೀರುಂಡೆ," ಎಂದಳು ಅಮ್ಮ ಅಣ್ಣನಿಗೆ.

ಪಿಸುವಿಗೆ ನಡುವೆ ಮಾಡಲು ಕೆಲಸವೇ ಇರಲಿಲ್ಲ. ಅವಳು ಕಪ್ಪು ನೆಲಹಾಸನ್ನು ಒಂದು ತುದಿಯಿಂದ ಸುತ್ತತೊಡಗಿದಳು. ಅವರ ಜಗಳ ಬಾಗಿಲು ದಾಟಿ, ಮೆಟ್ಟಿಲಿಳಿದು, ಬೀದಿಯುದ್ದಕ್ಕೂ ಕೇಳಿಸುತ್ತಲೇ ಇತ್ತು.