ಶಹಾಬಾದಿನ ಟಮಾಟಿ

ಗಂಡ ಸುಳ್ಳು ಹೇಳುತ್ತಿದ್ದಾನೆಂದು ಅಂಬುಬಾಯಿಗೆ ಗೊತ್ತಾದದ್ದು ಟಮಾಟಿಯಿಂದ. ಅನುಮಾನ ಪಡುವುದರಲ್ಲಿ ವಾಡಿಯ ರೇಲ್ವೆ ಕ್ವಾರ್ಟರ್ಸಿನಲ್ಲಿ ಆಕೆಯನ್ನು ಮೀರಿಸುವವರು ಇರಲಿಲ್ಲ, ಅದು ಬೇರೆ ಮಾತು. ಹಾಲಿನವ ಬಂದರೆ ಬೆರಳದ್ದಿ ನೋಡುವಳು, ಅಗಸ ಬಟ್ಟೆ ತಂದರೆ ಬೆಳಕಿಗೆ ಹಿಡಿದು ನೋಡುವಳು, ಪಕ್ಕದ ಮನೆಯಾಕೆ ಸುಮ್ಮನೆ ನಕ್ಕರೂ ಯಾಕೆ ನಕ್ಕಳೆಂದು ಸಂಜೆಯತನಕ ಯೋಚಿಸುವಳು. ಆದರೆ ಗಂಡ ದೇವಿಂದ್ರಪ್ಪನನ್ನು ಮಾತ್ರ ಕಣ್ಣುಮುಚ್ಚಿ ನಂಬಿದ್ದಳು. ಗೂಡ್ಸ್ ಗಾಡಿಯ ಡ್ರೈವರ್, ಮಾತು ಕಡಿಮೆ, ಕುಡಿತವಿಲ್ಲ, ಪಗಾರದ ದಿನ ನೆಟ್ಟಗೆ ಮನೆಗೆ ಬರುವ ಮನುಷ್ಯ. ಅಂಥವನ ಮೇಲೆ ಸಂಶಯಪಟ್ಟರೆ ನಾಲಿಗೆಗೆ ಹುಳ ಬೀಳುತ್ತವೆ ಎಂದು ಆಕೆಯೇ ನೆರೆಯವರ ಮುಂದೆ ಹೇಳಿಕೊಂಡಿದ್ದಳು.

ಅವನದೊಂದು ಚಾಳಿ ಇತ್ತು. ಇಂಜಿನ್ ಓಡುವಾಗ ಸಿಗ್ನಲ್ ಕಂಡರೆ, ಬೆಂಕಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಅದರ ಬಣ್ಣವನ್ನು ಕೂಗಿ ಹೇಳಬೇಕು, ಡ್ರೈವರ್ ಅದನ್ನೇ ತಿರುಗಿ ಕೂಗಬೇಕು, ಅದು ಕಾಯಿದೆ. ಆ ಕಾಯಿದೆಯನ್ನು ದೇವಿಂದ್ರಪ್ಪ ಮನೆಗೂ ತಂದಿದ್ದ. ಈಕೆ “ನೀರು ಕಾದಾವ” ಎಂದರೆ ಅವನೂ “ನೀರು ಕಾದಾವ” ಎನ್ನುವನು. ಮದುವೆಯಾದ ಹೊಸದರಲ್ಲಿ ಅಂಬುಬಾಯಿಗೆ ನಗು ಬರುತ್ತಿತ್ತು, ಆಮೇಲೆ ರೂಢಿಯಾಯಿತು.

ಮೈಸೂರು ರಾಜ್ಯ ಹೋಗಿ ಕರ್ನಾಟಕವೆಂದು ಹೆಸರಾದ ಹೊಸದು. ಚಳಿಗಾಲದ ಒಂದು ಸಂಜೆ ದೇವಿಂದ್ರಪ್ಪ ಡ್ಯೂಟಿ ಮುಗಿಸಿ ಬರುವಾಗ, ಸ್ಟೇಷನ್ನಿನ ಮುಂದೆ ಕಂದೀಲು ಇಟ್ಟುಕೊಂಡು ಕೂಡುವ ಗುಂಡಮ್ಮನ ಹತ್ತಿರ ಕಾಯಿಪಲ್ಲೆ ತಂದ. ಚೀಲ ಸುರುವಿ ನೋಡಿದರೆ ಟಮಾಟಿ ಎಲ್ಲ ಹಸಿರು. ಒಂದಕ್ಕೂ ಬಣ್ಣ ಬಂದಿರಲಿಲ್ಲ.

“ಅಲ್ರೀ, ಸಾರಿಗಿ ಹಣ್ಣ ತರ್ರಿ ಅಂದ್ರ ಕಲ್ಲಿನಂಥ ಕಾಯಿ ತಂದೀರಲ್ರೀ! ಕಂದೀಲ ಬೆಳಕಿನ್ಯಾಗ ಟೋಪಿ ಹಾಕ್ಯಾಳ ಗುಂಡವ್ವ ನಿಮಗ.”

ದೇವಿಂದ್ರಪ್ಪ ಕಾಲು ತೊಳೆಯುತ್ತಿದ್ದವನು ತಂಬಿಗೆ ಹಿಡಿದು ಹಾಗೇ ನಿಂತ. ಆಮೇಲೆ, “ಬೇಕಂತನೇ ತಂದೀನಿ,” ಎಂದ. “ಕಾಯಿನೇ ಬೇಕು. ಬಿಲ್ಲಿ ಬಿಲ್ಲಿ ಹೆಚ್ಚಿ ಎಣ್ಣ್ಯಾಗ ಹುರಿ. ಕುರುಕುರು ಆಗಬೇಕು ನೋಡು, ಭಾಳ ಚಲೋ ಇರ್ತದ.”

“ಎಲ್ಲಿ ತಿಂದಿರಿ ನೀವು ಅದನ್ನ?”

“ಶಹಾಬಾದಿನ್ಯಾಗ,” ಎಂದು ಟವೆಲಿನಿಂದ ಮುಖ ಒರೆಸತೊಡಗಿದ. ಒರೆಸಿದ ಮುಖವನ್ನೇ ಮತ್ತೆ ಒರೆಸಿದ.

ಅಂಬುಬಾಯಿ ಕಡಲೆಹಿಟ್ಟು ಕಲಸಿ, ಬಿಲ್ಲೆಗಳನ್ನು ಅದ್ದಿ, ಎಣ್ಣೆಗೆ ಬಿಟ್ಟಳು. ಕಾಯಿಯೊಳಗಿನ ನೀರೆಲ್ಲ ಹೊರಗೆ ಬಂದು ಎಣ್ಣೆ ಚಟಪಟ ಸಿಡಿಯಿತು, ಹಿಟ್ಟು ಕಳಚಿ ಬಾಣಲೆಯ ತಳ ಸೇರಿತು, ಟಮಾಟಿ ಬೇಯಿಸಿದ ಬದನೆಕಾಯಿಯಷ್ಟು ಮೆತ್ತಗಾಯಿತು. ನಾಚಿಕೆಪಟ್ಟುಕೊಂಡೇ ತಾಟಿಗೆ ಹಾಕಿದಳು. ದೇವಿಂದ್ರಪ್ಪ ಒಂದೂ ಬಿಡದೆ ತಿಂದು, “ಹಿಂಗೇ ಇತ್ತು ನೋಡು, ಥೇಟ್ ಹಿಂಗೇ,” ಎಂದ.

ಕುರುಕುರು ಇತ್ತು ಎಂದವನು ಈ ಮುದ್ದೆಯನ್ನು ತಿಂದು ಥೇಟ್ ಹೀಗೇ ಇತ್ತು ಎಂದರೆ ಏನು ತಿಳಿಯಬೇಕು? ಅಂಬುಬಾಯಿಯ ತಲೆಯೊಳಗೆ ಹುಳ ಹೊಕ್ಕಿತು.

ಮುಂದಿನ ವಾರ ಮತ್ತೆ ಕಾಯಿ ಬಂದವು. ಅದರ ಮುಂದಿನ ವಾರವೂ. ಆಕೆ ಕೆದಕಿ ಕೆದಕಿ ಕೇಳಿದಳು. ಶಹಾಬಾದಿನಲ್ಲಿ ಯಾವ ಹಿಟ್ಟು ಹಚ್ಚುತ್ತಾರೆ ಎಂದರೆ ಒಮ್ಮೆ ಜೋಳದ್ದು ಎಂದ, ಇನ್ನೊಮ್ಮೆ ರವೆ ಎಂದ. ಯಾರ ಮನೆಯಲ್ಲಿ ಎಂದರೆ ಜಹಾಂಗೀರನ ಮನೆಯಲ್ಲಿ ಎಂದ. ಜಹಾಂಗೀರ ಅವನ ಫೈರ್‌ಮನ್, ಇನ್ನೂ ಮೀಸೆ ತಿದ್ದಿಕೊಳ್ಳುವ ವಯಸ್ಸು, ಮದುವೆಯಾಗಿಲ್ಲ.

“ಅವನ ಮನ್ಯಾಗ ಮಾಡಾಕಿ ಯಾರು?”

“ಮನಿಯವರು.”

“ಮನಿಯವರು ಅಂದ್ರ?”

“ಮನಿಯವರು ಅಂದ್ರ ಮನಿಯವರು!” ದೇವಿಂದ್ರಪ್ಪ ಎಂದೂ ದನಿ ಏರಿಸಿದವನಲ್ಲ, ಅಂದು ಏರಿಸಿದ.

ಸಾಕಲ್ಲ? ಹೆಂಗಸಿಗೆ ಇಷ್ಟು ಸಾಕು. ಶ್ರಾವಣದ ಬಳೆಗಳ ನೆನಪೂ ಆಗಲೇ ಬಂತು. ಹಸಿರು ಬಳೆ ತರ್ರಿ ಎಂದು ಬಾಯಿಬಿಟ್ಟು ಹೇಳಿದ್ದಳು, ತಾನೇ ಆರಿಸಿ ತಂದೆ ಎಂದು ಅವನು ಕೊಟ್ಟದ್ದು ಕೆಂಪು. ಕೇಳಿದರೆ ಬಳೆಗಳನ್ನು ತಿರುಗಿಸಿ ತಿರುಗಿಸಿ ನೋಡಿ, ಕೆಂಪೇ ನಿನಗೆ ಚಂದ ಕಾಣುತ್ತವೆ ಎಂದಿದ್ದ. ಆಗ ಹುಚ್ಚಿಯ ಹಾಗೆ ಹಿಗ್ಗಿದ್ದಳು. ಈಗ ತಿಳಿಯಿತು: ಹಸಿರು ಬಳೆ ಶಹಾಬಾದಿನ ಯಾವಳದೋ ಕೈಯಲ್ಲಿವೆ. ಆ ಕೈಯೇ ಟಮಾಟಿಯನ್ನೂ ಹುರಿಯುತ್ತಿದೆ.

ಅಂಬುಬಾಯಿ ಅತ್ತಳು, ಆದರೆ ಭಾಳ ಹೊತ್ತೇನೂ ಅಲ್ಲ. ಗಂಡನನ್ನು ಬಿಟ್ಟುಕೊಡುವ ಪೈಕಿ ಆಕೆಯಲ್ಲ. ಆ ರಂಡೆ ಹುರಿದದ್ದಕ್ಕಿಂತ ಚಲೋ ಹುರಿದು ತೋರಿಸುತ್ತೇನೆ ಎಂದು ಸೆರಗು ಸಿಕ್ಕಿಸಿಕೊಂಡು ನಿಂತಳು. ಬಿಲ್ಲೆಗಳಿಗೆ ಉಪ್ಪು ಸವರಿ, ಓರೆ ಇಟ್ಟ ತಾಟಿನಲ್ಲಿ ಹರವಿ, ನೀರೆಲ್ಲ ಇಳಿಯಲು ಬಿಟ್ಟಳು. ಪಂಚೆಯ ತುಂಡಿನಲ್ಲಿ ಒತ್ತಿ ಒತ್ತಿ ಒರೆಸಿದಳು. ಮೊದಲು ಒಣ ಹಿಟ್ಟು ಉದುರಿಸಿ, ಗಟ್ಟಿ ಮಜ್ಜಿಗೆಯಲ್ಲಿ ಅದ್ದಿ, ಖಾರಪುಡಿ ಬೆರೆಸಿದ ಜೋಳದ ರವೆಯಲ್ಲಿ ಹೊರಳಿಸಿದಳು. ಆ ರವೆ ಕಚ್ಚಿಕೊಳ್ಳಲಿ ಎಂದು ಒಂದಿಷ್ಟು ಹೊತ್ತು ಹಾಗೇ ಇಟ್ಟಳು. ಕಬ್ಬಿಣದ ಹೆಂಚಿನ ಮೇಲೆ ಕುಸುಬೆ ಎಣ್ಣೆ ಧಾರಾಳ ಬಿಟ್ಟು, ನಡುವುರಿಯಲ್ಲಿ, ಒಂದಕ್ಕೊಂದು ತಾಗದ ಹಾಗೆ ಹುರಿದಳು. ಹಲ್ಲಿಗೆ ತಗುಲಿದರೆ ಪಕ್ಕದ ಮನೆಗೂ ಕೇಳಬೇಕು, ಅಷ್ಟು ಕುರುಕಲಾದವು. ಒಳಗೆ ಹುಳಿ, ಹೊರಗೆ ಖಾರ.

ದೇವಿಂದ್ರಪ್ಪ ತಿಂದ. ಅವನ ಮುಖ ನಿಜವಾಗಿಯೂ ಅರಳಿತು. ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಅವನೆಂದ, “ಒಂದಿಷ್ಟು ಡಬ್ಬಿಗಿ ಹಾಕು. ಜಹಾಂಗೀರಗ ಒಯ್ತೀನಿ.”

ಅಂದಿನಿಂದ ಪ್ರತಿ ಡ್ಯೂಟಿಗೂ ಡಬ್ಬಿ ಹೊರಟಿತು. ಫೈರ್‌ಮನ್‌ಗಳೆಂದರೆ ಮೊದಲೆಲ್ಲ ದೂರವೇ ಉಳಿಯುತ್ತಿದ್ದ ಮನುಷ್ಯ ಈಗ ಈ ಹುಡುಗನಿಗೆ ಅಳಿಯನ ಉಪಚಾರ ಮಾಡತೊಡಗಿದ್ದ. ತಾನು ಹುರಿದದ್ದು ಶಹಾಬಾದಿನವಳ ಬಾಯಿಗೇ ಹೋಗುತ್ತಿದೆ ಎಂದು ಅಂಬುಬಾಯಿಗೆ ಖಾತ್ರಿಯಾಯಿತು. ದೇವಿಂದ್ರಪ್ಪ ರಾಯಚೂರು ಕಡೆಗೆ ಗಾಡಿ ಒಯ್ದ ದಿನ ನೋಡಿ, ಬಾಗಿಲಿಗೆ ಕೀಲಿ ಜಡಿದು, ಶಹಾಬಾದಿನ ಪ್ಯಾಸೆಂಜರ್ ಹತ್ತಿದಳು.

ಜಹಾಂಗೀರನ ಮನೆ ಕಲ್ಲಿನ ಗಣಿಯ ದಾರಿಯಲ್ಲಿ, ಪರಸಿಕಲ್ಲಿನ ಚಪ್ಪಡಿ ಹೊದಿಸಿದ ಸಣ್ಣ ಮನೆ. ಬಾಗಿಲು ತೆಗೆದವಳು ತಲೆ ನರೆತ ಮುದುಕಿ, ಅವನ ತಾಯಿ ಖುರ್ಷಿದಬೇಗಂ. ಗಂಡ ಸತ್ತು ವರ್ಷಗಳಾದವಳು, ಕೈಯಲ್ಲಿ ಬಳೆಯಿಲ್ಲ. ಅಂಬುಬಾಯಿ ಹೆಸರು ಹೇಳುತ್ತಲೇ ಮುದುಕಿ ಮುಖ ಗಂಟಿಕ್ಕಿ ಅಡಿಯಿಂದ ಮುಡಿಯತನಕ ನೋಡಿದಳು. ಅನುಮಾನದ ನೋಟವನ್ನು ಬೇರೆಯವರ ಕಣ್ಣಿನಲ್ಲಿ ಕಾಣುವುದು ಅಂಬುಬಾಯಿಗೆ ಹೊಸದು.

“ಮನ್ಯಾಗ ಮತ್ಯಾರು ಹೆಣ್ಮಕ್ಕಳದಾರ?” ಎಂದಳು, ಕುಂದ್ರಿ ಎನ್ನುವುದನ್ನೂ ಕಾಯದೆ.

“ನಾನೊಬ್ಬಾಕಿನೇ. ಯಾಕ?”

“ಟಮಾಟಿಕಾಯಿ ಹುರಿಯಾಕಿ ಯಾರು ಹಂಗಾರ?”

“ಹುರಿಯಾಕಿ ನೀನು!” ಮುದುಕಿ ಸಿಡಿದಳು. “ಡಬ್ಬಿ ಡಬ್ಬಿ ಕಳಸ್ತಿ. ಕಾಯಿ ಟಮಾಟಿ ಯಾರರೆ ಹುರದು ತಿಂತಾರೇನು? ನಾ ಎಲ್ಲಾ ತಿಪ್ಪಿಗಿ ಹಾಕೀನಿ. ಅದರಾಗ ಏನ್ ಹಾಕಿ ನನ್ನ ಮಗನಿಗಿ ತಿನ್ನಸಾಕತ್ತಿ ಹೇಳು. ಏನ್ ಮಾಟ ಮಾಡೀರಿ ಗಂಡ ಹೆಂಡ್ತಿ ಕೂಡಿ?”

ಅಂಬುಬಾಯಿಗೆ ನೆಲ ಕಾಣಲಿಲ್ಲ. ಮುದುಕಿ ಮಾತ್ರ ನಿಲ್ಲಲಿಲ್ಲ. ಡ್ರೈವರ್ ಆಗುವ ಪರೀಕ್ಷೆಗೆ ಕರೆ ಬಂದರೂ ಮಗ ಹೋಗಲಿಲ್ಲವಂತೆ. ಲಗ್ನದ ಮಾತೆತ್ತಿದರೆ ಈಗ ಬೇಡ ಎನ್ನುತ್ತಾನಂತೆ. ಮಲಗಿದಲ್ಲಿ ಲಾಲ್, ಹರಾ, ಕೆಂಪು, ಹಸಿರು ಎಂದು ಕೂಗುತ್ತಾನಂತೆ.

“ಯಾಕೋ ಬೇಟಾ ಅಂತ ಅತ್ತು ಕೇಳಿದ್ರ ಒಂದೇ ಮಾತು ಹೇಳ್ತಾನ ನೋಡು. ನಾ ಬ್ಯಾರೆ ಗಾಡಿಗಿ ಹೋದ್ರ ನಮ್ಮ ಉಸ್ತಾದ್ ಉಳಿಯಂಗಿಲ್ಲ ಅಮ್ಮಾ, ಅವರ ಕಣ್ಣು ನಾನೇ ಅಂತಾನ. ಇದೇನು ಮಾತಿದು? ನಿನ್ನ ಗಂಡಗ ಕಣ್ಣಿಲ್ಲೇನು?”

ಅದಾವ ಸೀಮೆಯ ಮಾತೋ ಎಂದುಕೊಂಡೇ ಅಂಬುಬಾಯಿ ಎದ್ದು ಬಂದಳು. ದೇವಿಂದ್ರಪ್ಪನ ಕಣ್ಣಿಗೇನಾಗಿದೆ? ದೂರದ ಕಾಗೆಯನ್ನೂ ಗುರುತಿಸುವ ಮನುಷ್ಯ. ಇದೂ ಒಂದು ನಾಟಕವೇ ಇರಬೇಕು ಎಂದು ತಿರುಗಿ ಬರುವ ಗಾಡಿಯಲ್ಲಿ ಹಲ್ಲು ಕಚ್ಚಿ ಕುಳಿತಳು. ಎದುರಿಗೆ ಯಾರೋ ಬಾಣಂತಿ ಕೂಸಿನ ತಲೆಗೆ ಕುಂಚಿಗೆ ಕಟ್ಟುತ್ತಿದ್ದಳು. ವಾಡಿಯ ಹೊರಗೆ ಗಾಡಿ ನಿಂತಿತು. ಯಾಕೆ ನಿಂತಿತೆಂದು ಕಿಟಕಿಯಿಂದ ಬಾಗಿ ನೋಡಿದರೆ, ಮುಸ್ಸಂಜೆಯಲ್ಲಿ ಸಿಗ್ನಲ್ಲಿನ ದೀಪ ಕೆಂಪಗಿತ್ತು. ನೋಡನೋಡುತ್ತಿದ್ದಂತೆ ಹಸಿರಾಯಿತು. ಗಾಡಿ ಹೊರಟಿತು.

ಕೆಂಪು ಬಳೆ. ಹಸಿರು ಟಮಾಟಿ. ಕಣ್ಣು ನಾನೇ ಎನ್ನುವ ಹುಡುಗ. ಅಯ್ಯೋ ಶಿವನೇ ಎಂದು ಅಂಬುಬಾಯಿಯ ಬಾಯಿಂದ ಗಟ್ಟಿಯಾಗಿಯೇ ಬಂತು, ಬಾಣಂತಿ ತಿರುಗಿ ನೋಡಿದಳು.

ಸ್ಟೇಷನ್ನಿನ ಮುಂದೆ ಗುಂಡಮ್ಮನ ಬುಟ್ಟಿಯಿಂದ ಎರಡು ಟಮಾಟಿ ಆರಿಸಿಕೊಂಡಳು, ಒಂದೇ ಗಾತ್ರದವು, ಒಂದು ಕೆಂಪು, ಒಂದು ಹಸಿರು. ಕೆಂಪಿನದರಲ್ಲೂ ಗಟ್ಟಿಯಾದದ್ದನ್ನೇ ಹುಡುಕಿದಳು. ಗುಂಡಮ್ಮ ನಕ್ಕು, “ನೀವು ಭಾಳ ಆರಸ್ತೀರಿ ಯವ್ವಾ. ನಿಮ್ಮ ಮನಿಯವರು ನಾ ಏನ್ ಹಾಕಿದ್ರೂ ಒಯ್ತಾರ,” ಎಂದಳು. ಇನ್ನೊಂದು ದಿನವಾಗಿದ್ದರೆ ಆಕೆಯ ಜುಟ್ಟು ಹಿಡಿಯುತ್ತಿದ್ದಳು.

ದೇವಿಂದ್ರಪ್ಪ ಮರುದಿನ ಮಧ್ಯಾಹ್ನ ಬಂದ, ಉಂಡು ಮಲಗಿ ಎದ್ದ. ಸಂಜೆ ಒಲೆಯ ಮುಂದೆ ಕುಳಿತ ಅಂಬುಬಾಯಿ ಎರಡೂ ಟಮಾಟಿಗಳನ್ನು ಅವನ ಮುಂದೆ ತಾಟಿನಲ್ಲಿಟ್ಟು, “ಹಣ್ಣಾಗಿದ್ದು ಕೊಡ್ರಿ ಇತ್ತ, ಸಾರಿಗಿ,” ಎಂದಳು.

ಅವನು ಕೈ ಚಾಚಿದ. ಕೈ ತಾಟಿನ ಮೇಲೆ ನಿಂತಿತು. ಹೆಬ್ಬೆರಳಿನಿಂದ ಒಂದನ್ನು ಒತ್ತಿ ನೋಡಿದ, ಇನ್ನೊಂದನ್ನು ಒತ್ತಿದ. ಎರಡೂ ಗಟ್ಟಿ. ಮೂಗಿಗೆ ತಂದು ಮೂಸಿದ. ಆಮೇಲೆ ಹಸಿರನ್ನು ಎತ್ತಿ ಆಕೆಯ ಕೈಗೆ ಕೊಟ್ಟ.

ಅಂಬುಬಾಯಿ ಅದನ್ನು ಹಿಡಿದುಕೊಂಡು ಗೊಳೋ ಎಂದು ಅತ್ತಳು. ಅವನಿಗೆ ಬೇರೆ ಹೇಳಬೇಕಾಗಲಿಲ್ಲ.

“ಎಂದಿನಿಂದ್ರೀ?”

“ಹೋದ ಬ್ಯಾಸಿಗಿಂದ. ಕೆಂಪು ಹಸಿರು ಎರಡೂ ಮಣ್ಣಿನ ಬಣ್ಣ ಕಾಣ್ತಾವ. ಹಗಲು ಏನೂ ತ್ರಾಸಿಲ್ಲ ಅಂಬೂ, ಸಿಗ್ನಲ್ ಕಂಬದ ಹಲಗಿ ಏರ್‍ಯಾದೋ ಇಳಿದದೋ ಕಾಣ್ತದ. ಕತ್ತಲಾದ್ರ ದೀಪ ಒಂದೇ ಇರ್ತದ. ಆಗ ಜಹಾಂಗೀರ ಕೂಗ್ತಾನ, ನಾ ಅದನ್ನೇ ಕೂಗ್ತೀನಿ.”

“ಮತ್ತ ಶಹಾಬಾದಿನ ಟಮಾಟಿ?”

“ನಾ ಎಲ್ಲೂ ತಿಂದಿಲ್ಲ. ಅವತ್ತು ನೀ ಕಾಯಿ ಅಂದಾಗ ನನ್ನ ಜೀವ ಹೋಗಿತ್ತು. ಬಾಯಿಗಿ ಬಂದದ್ದು ಹೇಳಿದೆ.”

“ಶಹಾಬಾದಿನ್ಯಾಗ ಒಬ್ಬಾಕಿ ಇದ್ದಿದ್ರ ಚಲೋ ಇತ್ತಲ್ರೀ!” ಅಂಬುಬಾಯಿ ಹಣೆ ಬಡಿದುಕೊಂಡಳು. “ಆಕಿ ಕೂಡ ಜಗಳಾಡಿ ನಿಮ್ಮನ್ನ ಎಳಕೊಂಡು ಬರತಿದ್ದೆ. ಈಗ ಯಾರ ಕೂಡ ಜಗಳಾಡ್ಲಿ ನಾನು?”

ಸಾಹೇಬರಿಗೆ ಗೊತ್ತಾಗಿ ಇಂಜಿನ್ನಿನಿಂದ ಇಳಿಸಿದರೆ ಶೆಡ್ಡಿನಲ್ಲಿ ಯಾವುದೋ ಸಣ್ಣ ಕೆಲಸ, ಅರ್ಧ ಪಗಾರ, ಈ ಕ್ವಾರ್ಟರ್ಸೂ ಹೋಗುತ್ತದೆ, ಡ್ರೈವರ್ ಸಾಹೇಬರು ಎನ್ನುವವರೂ ಇರುವುದಿಲ್ಲ. ಅದನ್ನೆಲ್ಲ ಅವನು ಒಂದೊಂದಾಗಿ ಹೇಳಿದ. ಜಹಾಂಗೀರ ಇರುವತನಕ ಭಯವಿಲ್ಲ ಎಂದೂ ಹೇಳಿದ. ಅಂಬುಬಾಯಿ ಕೇಳುತ್ತ ಕೇಳುತ್ತ ಟಮಾಟಿ ಹೆಚ್ಚಿದಳು, ಉಪ್ಪು ಸವರಿದಳು, ರವೆಯಲ್ಲಿ ಹೊರಳಿಸಿದಳು. ಕುಂಚಿಗೆ ಕಟ್ಟಿದ ಕೂಸಿನ ಮುಖ ಕಣ್ಣ ಮುಂದಿನಿಂದ ಹೋಗಲಿಲ್ಲ.

“ನಾಳೆ ಆ ಹುಡುಗಗ ಜ್ವರ ಬಂದ್ರ? ಒಂದು ಸಲ ಕೂಗೂದು ತಪ್ಪಿದ್ರ?” ಎಂದಳು. “ನಿನ್ನಿ ನಾ ಶಹಾಬಾದಿನಿಂದ ಅದೇ ಹಳಿ ಮ್ಯಾಲಿನ ಗಾಡ್ಯಾಗ ಕುಂತು ಬಂದೀನ್ರೀ.”

ದೇವಿಂದ್ರಪ್ಪ ಒಲೆಗೆ ಇನ್ನೊಂದು ಕಟ್ಟಿಗೆ ನೂಕಿದ.

ಹೊರಗೆ ಸೈಕಲ್ ನಿಂತ ಸಪ್ಪಳವಾಯಿತು. ಡ್ರೈವರ್‌ಗಳ ಮನೆಮನೆಗೆ ಬಂದು ಡ್ಯೂಟಿಗೆ ಕರೆಯುವ ಬಾಬುಮಿಯಾ ಬಾಗಿಲಲ್ಲಿ ಕೆಮ್ಮಿದ. “ದೇವಿಂದ್ರಪ್ಪನವರಾ, ರಾತ್ರಿ ಸಿಮೆಂಟಿನ ಗಾಡಿ ಅದ್ರೀ. ಸಹಿ ಹಾಕ್ರಿ.”

“ನೀವು ಹೇಳ್ತೀರೋ, ನಾ ಹೇಳ್ಲೋ?” ಎಂದಳು ಅಂಬುಬಾಯಿ, ಹೆಂಚಿನಿಂದ ಕಣ್ಣು ಎತ್ತದೆ.

ದೇವಿಂದ್ರಪ್ಪ ಎದ್ದು ಬಾಗಿಲತನಕ ಹೋದ. ಬಾಬುಮಿಯಾ ಪುಸ್ತಕ ಚಾಚಿದ, ಅವನು ಅದನ್ನು ಮುಟ್ಟಲಿಲ್ಲ.

“ಸಹಿ ಹಾಕಂಗಿಲ್ಲ ಬಾಬುಮಿಯಾ. ಬ್ಯಾರೆಯವರಿಗಿ ಕರೀರಿ. ನನಗ ದೀಪದ ಬಣ್ಣ ಕಾಣವಲ್ದು, ಮುಂಜಾನೆ ಡಾಕ್ಟರ್ ಸಾಹೇಬರ ಹತ್ತಿರ ನಾನೇ ಹೋಗಿ ಹೇಳ್ತೀನಿ. ಜಹಾಂಗೀರ ಸಿಕ್ರ ಪರೀಕ್ಷಾಕ್ಕ ಕುಂದ್ರು ಅಂತ ಹೇಳ್ರಿ.”

ಸೈಕಲ್ ಹೋದಮೇಲೂ ಅವನು ಬಾಗಿಲಲ್ಲೇ ನಿಂತಿದ್ದ. ಆಮೇಲೆ ಬಂದು ತಾಟಿನ ಮುಂದೆ ಕುಳಿತ. ಅಂಬುಬಾಯಿ ಬಿಸಿಬಿಸಿ ಬಿಲ್ಲೆಗಳನ್ನು ಬಡಿಸಿದಳು. ಎರಡೂ ಟಮಾಟಿಗಳನ್ನು ಹೆಚ್ಚಿ ಹುರಿದಿದ್ದಳು. ಮೇಲೆ ರವೆ ಮುಚ್ಚಿದ್ದರಿಂದ ಎಲ್ಲವೂ ಒಂದೇ ತರಹ ಕಾಣುತ್ತಿದ್ದವು, ಆಕೆಗೂ.

ಅವನು ಒಂದನ್ನು ಎತ್ತಿಕೊಂಡು ಆಕೆಯ ಕಡೆ ಹಿಡಿದು ಕೇಳಿದ, “ಇದು ಯಾವುದು?” ಇಷ್ಟು ದಿನಗಳಲ್ಲಿ ಅವನು ಬಾಯಿಬಿಟ್ಟು ಬಣ್ಣ ಕೇಳಿದ್ದು ಅದೇ ಮೊದಲು.

ಅಂಬುಬಾಯಿ ಅದರ ಅಂಚನ್ನು ಮುರಿದು ಬೆಳಕಿಗೆ ಹಿಡಿದು ನೋಡಿದಳು. “ಹಸಿರು,” ಎಂದಳು.

“ಹಸಿರು,” ಎಂದ ದೇವಿಂದ್ರಪ್ಪ, ಗಟ್ಟಿಯಾಗಿ.