ಮೇಬ್ರಿ ಮನೆಯವರ ತೋಳು

ಅಲಬಾಮಾದಲ್ಲಿ ಅಮೆರಿಕನ್ ಫುಟ್‌ಬಾಲ್ ಆಡುವ ಹುಡುಗರನ್ನು ಕಾಲೇಜುಗಳಿಗಾಗಿ ಅಳೆದು ತೂಗಿ ಒಂದರಿಂದ ಐದು ನಕ್ಷತ್ರ ಹಂಚುವವರು ಹತ್ತು ಸಾವಿರ ಜನ ಇದ್ದಾರು. ವೆಂಡಲ್ ಕ್ರಾಕರ್ ಮಾತ್ರ ಒಬ್ಬನೇ. ಹೈಸ್ಕೂಲಿನ ಪೋರ ಕಾರಿನಿಂದ ಇಳಿಯುವುದನ್ನು ನೋಡಿಯೇ ಅವನು ಯಾವ ಕಾಲೇಜಿಗೆ ಆಡುತ್ತಾನೆ, ಯಾರ್ಯಾರ ಹಲ್ಲು ಉದುರಿಸುತ್ತಾನೆ ಎಂದು ಹೇಳಬಲ್ಲ. ಅವನ ಪಟ್ಟಿ ಹೊರಬೀಳುವ ಬೆಳಗ್ಗೆ ಹಾರ್ಲನ್ ಕ್ರೀಕ್ ಊರಿನ ಹುಂಜಗಳು ಕೂಗುವುದನ್ನೇ ಮರೆಯುತ್ತಿದ್ದವು. ಹುಡುಗರ ಎತ್ತರಕ್ಕೆ ಎರಡಂಗುಲ ಸೇರಿಸಿ ಬರೆಯುವುದು ಎಲ್ಲರ ಪದ್ಧತಿ. ವೆಂಡಲ್ ಮೂರು ಸೇರಿಸುತ್ತಿದ್ದ. ಅವನು ಬರೆದದ್ದು ನಿಜವಾಗಿದ್ದರೆ ಊರಿನ ಬಾಗಿಲುಗಳನ್ನೆಲ್ಲ ಒಡೆದು ಕಟ್ಟಬೇಕಿತ್ತು.

ಹದಿನೇಳರ ಜಾರ್ವಿಯನ್ ಮೇಬ್ರಿಗೆ ಮಾತ್ರ ಏನೂ ಸೇರಿಸಬೇಕಿರಲಿಲ್ಲ. ನಾಲ್ಕು ನಕ್ಷತ್ರ ಆಗಲೇ ಬಂದಿದ್ದವು. ಐದನೆಯದು ಬಿದ್ದರೆ ದೇಶದ ದೊಡ್ಡ ಕಾಲೇಜುಗಳೆಲ್ಲ ಅವನ ಮನೆ ಮೆಟ್ಟಿಲ ಮೇಲೆ ಕೂರುತ್ತವೆ. ಆದರೆ ಐದನೆಯದಕ್ಕೆ ಮೊದಲು ಮನೆಗೆ ಹೋಗಿ ಹೆತ್ತವರ ಮೈಕಟ್ಟು ನೋಡುವುದು ವೆಂಡಲನ ರೂಢಿ. ಕರು ಕೊಳ್ಳುವವನು ತಾಯಿಯನ್ನು ನೋಡುವುದಿಲ್ಲವೇ, ಹಾಗೆ.

ತಾಯಿ ವರ್ನೆಲ್ ಸಿಹಿ ಚಹಾ ಕೊಟ್ಟಳು. ಅಂಗಿ ಬಿಚ್ಚಿದ ಹುಡುಗ ಗೋಡೆಗೊರಗಿ ಎರಡೂ ಕೈ ಅಗಲಕ್ಕೆ ಚಾಚಿದ. ವೆಂಡಲ್ ಈ ಬೆರಳ ತುದಿಯಿಂದ ಆ ಬೆರಳ ತುದಿಗೆ ಟೇಪು ಎಳೆದ.

“ಏಳಡಿ ಎರಡಂಗುಲ! ಎತ್ತರಕ್ಕಿಂತ ಎಂಟಂಗುಲ ಜಾಸ್ತಿ! ವರ್ನೆಲಮ್ಮಾ, ಇದು ತೋಳಲ್ಲ, ಸೇತುವೆ ಕಣಮ್ಮಾ!”

“ಅವ್ರಪ್ಪಂದೂ ಹಿಂಗೇ ಇತ್ತು,” ಎಂದು ಅವಳು ಗೋಡೆಯ ಪಟಗಳತ್ತ ಕೈ ತೋರಿಸಿದಳು. ಮೂವರು ಗಂಡಸರು, ಮೂವರದೂ ಮೊಣಕಾಲು ಮುಟ್ಟುವ ಕೈ, ಜೇಡನ ಕಾಲಿನಂಥ ಬೆರಳು.

“ಎಲ್ಲಿದಾರೆ ಇವ್ರೆಲ್ಲ?”

“ಯಜಮಾನ್ರು ಮೂವತ್ತೊಂದಕ್ಕೆ ಹೋದ್ರು, ಲಾರಿ ಹತ್ತೋಕೆ ಕಾಲಿಟ್ಟೋರು. ಮೈದುನಂಗೆ ಇಪ್ಪತ್ತೆರಡು, ಶೂ ಕಟ್ಕೋತಿದ್ದ. ಮಾವ ಚರ್ಚಲ್ಲಿ, ಹಾಡು ಮುಗಿಯೋದ್ರೊಳಗೆ. ನಮ್ಮನೆ ಗಂಡಸ್ರ ಆಯಸ್ಸೇ ಅಷ್ಟು.”

ವೆಂಡಲನ ಕೈಯಿಂದ ಜಾರಿ ಟೇಪು ಸರ್ರನೆ ಸುತ್ತಿಕೊಂಡಿತು. ಎಂಟು ವರ್ಷದ ಹಿಂದೆ ಪಕ್ಕದ ಕೌಂಟಿಯ ಹುಡುಗನೊಬ್ಬನಿಗೆ ಇಂಥದೇ ತೋಳು ಮೆಚ್ಚಿ ವೆಂಡಲನೇ ಐದು ನಕ್ಷತ್ರ ಕೊಟ್ಟಿದ್ದ. ಆ ಹುಡುಗ ಅಭ್ಯಾಸದ ನಡುವೆ ಬಿದ್ದವನು ಏಳಲಿಲ್ಲ. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಹರಿದಿತ್ತಂತೆ. ಉದ್ದ ತೋಳು, ಉದ್ದ ಬೆರಳು, ಹೊಂಡಬಿದ್ದ ಎದೆ, ಇವೇ ಆ ಕಾಯಿಲೆಯ ಗುರುತು ಎಂದು ಡಾಕ್ಟರು ಹೇಳಿದ್ದರು. ಜಾರ್ವಿಯನ್‌ನ ಎದೆಯ ನಡುವೆ ಒಂದು ಮೊಟ್ಟೆ ಕೂರುವಷ್ಟು ಹೊಂಡವಿತ್ತು.

“ಹೃದಯದ ಡಾಕ್ಟರ್ ನೋಡೋ ತನಕ ಇವನು ಆಡಬಾರ್ದು,” ಎಂದ ವೆಂಡಲ್. ಜೀವಮಾನದಲ್ಲಿ ಮೊದಲ ಸಲ ಒಂದಂಗುಲವೂ ಸೇರಿಸದೆ ಆಡಿದ ಮಾತು ಅದು.

ವರ್ನೆಲ್ ಹೆದರಿ ಅಲಬಾಮಾದ್ದೇ ಬರ್ಮಿಂಗ್‌ಹ್ಯಾಮಿನ ದೊಡ್ಡ ಆಸ್ಪತ್ರೆಗೆ ಫೋನ್ ಮಾಡಿದಳು. ಸೋಮವಾರ ಬನ್ನಿ ಎಂದರು. ಶುಕ್ರವಾರ ಪಂದ್ಯವಿತ್ತು.

ಅಂದು ಬೆಳಗ್ಗೆ ವೆಂಡಲ್ ವರ್ನೆಲಳೊಂದಿಗೆ ಸ್ಕೂಲಿಗೆ ಹೋಗಿ ವಿಷಯ ಹೇಳಿದರೆ ಕೋಚ್ ಹಾಲಿಸ್ ಟೇಟಮ್ ಹೊಟ್ಟೆ ಕುಲುಕಿಸಿ ನಕ್ಕ. “ನನ್ನ ಅಕ್ಕನ ಮಗ ಜಿಂಕೇನ ಓಡಿ ಹಿಡೀತಾನೆ ಅಂತ ಬರ್ದೋನು ನೀನೇ ಅಲ್ವೇನಯ್ಯಾ? ಅವನು ಬಸ್ಸೂ ಹಿಡೀಲಿಲ್ಲ. ಈಗ ಇವನು ಸಾಯ್ತಾನೆ ಅಂತೀಯ!”

“ಹಾಲಿಸ್, ಇದು ತಮಾಷೆಯಲ್ಲ ಮಾರಾಯ.”

“ಸ್ಕೂಲಿನ ತಪಾಸಣೆಲಿ ಪಾಸಾಗಿದಾನೆ. ಇವತ್ತು ಟೆನೆಸ್ಸೀ ಕಾಲೇಜಿನೋರು ಇವನ್ನೇ ನೋಡೋಕೆ ಬರ್ತಿದಾರೆ. ಒಂದೇ ಒಂದು ಆಟ. ಸೋಮವಾರ ನೀನೇ ಕಾರಲ್ಲಿ ಕರ್ಕೊಂಡ್ಹೋಗು.”

ವರ್ನೆಲ್ ಇಬ್ಬರ ಮುಖವನ್ನೂ ನೋಡಿದಳು. “ನೀವು ಮಾತು ದೊಡ್ಡದು ಮಾಡ್ತೀರಿ ಅಂತ ಊರಿಗೇ ಗೊತ್ತಲ್ಲ ವೆಂಡಲ್ ಅವ್ರೇ,” ಎಂದಳು, ಹೌದೆನ್ನಲಿ ಎಂದು ಬೇಡುವವಳಂತೆ.

ಶುಕ್ರವಾರ ಸಂಜೆ ಅಲಬಾಮಾದ ಅರ್ಧ ಜನ ಆ ಮೈದಾನದಲ್ಲಿದ್ದರು. ಜಾರ್ವಿಯನ್ ಮೈದಾನಕ್ಕಿಳಿದ. ಶಿರಸ್ತ್ರಾಣದೊಳಗೂ ತುಟಿ ಬಿಳಿಚಿಕೊಂಡದ್ದು ವೆಂಡಲನಿಗೆ ಕಂಡಿತು. ಅವನು ಬೆಂಚಿನ ಮೇಲೆ ಹತ್ತಿ ನಿಂತು ಗಂಟಲು ಹರಿಯುವಂತೆ ಕೂಗಿದ: “ಜಾರ್ವಿಯನ್! ಹೊರಗೆ ಬಾರೋ! ಜಾರ್ವಿಯನ್!”

ವೆಂಡಲನೇ ಕೂಗಿದ ಮೇಲೆ ಕೇಳಬೇಕೆ? ಪಕ್ಕದವರು ಎದ್ದರು, ಹಿಂದಿನವರು ಎದ್ದರು, ಇಡೀ ಮೈದಾನ ಎದ್ದು ಆ ಹೆಸರನ್ನೇ ಕೂಗತೊಡಗಿತು. ಅವನ ಉಳಿದ ಮಾತು ಅದರಡಿ ಹೂತುಹೋಯಿತು.

ಜಾರ್ವಿಯನ್ ಒಮ್ಮೆ ತಿರುಗಿ ನೋಡಿದ, ಜೈಕಾರವೆಂದುಕೊಂಡು ನಕ್ಕ, ಆಟ ಶುರುವಾಗುವ ಗೆರೆಯ ಮೇಲೆ ಬಗ್ಗಿದ.